ಏಡನ್‌ನ ತಾಮ್ರ, ಮಂಗಳೂರಿನ ದೀಪ

ಕೈರೋ ನಗರದ ಹಳೆಯ ಭಾಗವಾದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಎಂಬ ಯೆಹೂದಿ ಪ್ರಾರ್ಥನಾ ಮಂದಿರವಿದೆ. ದೇವರ ಹೆಸರಿರುವ ಬರಹವನ್ನು ಹರಿದು ಬಿಸಾಡಬಾರದೆಂಬ ನಂಬಿಕೆಯಿಂದ ಅಲ್ಲಿನವರು ಹಳೆಯ ಕಾಗದಗಳನ್ನು ಒಂದು ಕೋಣೆಗೆ ತುಂಬುತ್ತಿದ್ದರು. ಮದುವೆಯ ಕರಾರು, ಸಾಲಪತ್ರ, ವ್ಯಾಪಾರದ ಓಲೆ, ಎಲ್ಲವೂ ಅಲ್ಲಿಗೇ. 19ನೇ ಶತಮಾನದ ಕೊನೆಯಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅದರ ಬಹುಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಆ ರಾಶಿಯೊಳಗೆ ನಮ್ಮ ಮಂಗಳೂರೂ ಇತ್ತು.

ಅಲ್ಲಿನ ಪತ್ರಗಳಲ್ಲಿ ಕಾಣುವ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಟ್ಯುನೀಶಿಯಾದ ಮಹ್ದಿಯಾ ಊರಿನವನು. ಯೆಮನ್‌ನ ಏಡನ್ ಬಂದರಿಗೆ ಬಂದು, ಅಲ್ಲಿನ ದೊಡ್ಡ ವರ್ತಕ ಮದ್ಮೂನನ ಆಸರೆ ಪಡೆದು, 1132ರ ಹೊತ್ತಿಗೆ ಆಳುಪ ಅರಸರ ತುಳುನಾಡಿನಲ್ಲಿ ನೆಲೆಯೂರಿದ್ದ. ಹೆಚ್ಚುಕಡಿಮೆ 17 ವರ್ಷ ಈ ಕರಾವಳಿಯೇ ಅವನ ಮನೆ. ಕಬ್ಬಿಣ, ಕಾಳುಮೆಣಸು, ಏಲಕ್ಕಿ, ಅಡಿಕೆ ಇಲ್ಲಿಂದ ಹಡಗೇರುತ್ತಿದ್ದವು. ಅತ್ತಲಿಂದ ಗೆಳೆಯರು ಸಕ್ಕರೆ, ಒಣದ್ರಾಕ್ಷಿ, ಚಾಪೆಗಳ ಜೊತೆ ಕಾಗದವನ್ನೂ ಕಳಿಸುತ್ತಿದ್ದರು.

ಆ ಕಾಗದದ ಹಿಂದೆ ದೊಡ್ಡ ಕಥೆಯೇ ಇದೆ. ಚೀನಾದಲ್ಲಿ ಹುಟ್ಟಿದ ಈ ವಿದ್ಯೆ ಸಮರ್ಕಂದ್, ಬಾಗ್ದಾದ್‌ಗಳನ್ನು ದಾಟಿ ಈಜಿಪ್ಟ್ ಸೇರಿತ್ತು. ತಾಳೆಗರಿಯ ನಾಡಿಗೆ ಅದು ವರ್ತಕನ ಗಂಟಿನಲ್ಲಿ ಬಂತು. ಕಾಗದಕ್ಕೆ ಎಷ್ಟು ಬರವಿತ್ತೆಂದರೆ, ಬಂದ ಪತ್ರದ ಬೆನ್ನ ಮೇಲೇ ಬೆನ್ ಯಿಜು ಲೆಕ್ಕ ಬರೆಯುತ್ತಿದ್ದ, ಹೀಬ್ರೂ ಪದ್ಯವನ್ನೂ ಕಟ್ಟುತ್ತಿದ್ದ. ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ.

ಅವನದೊಂದು ಕಂಚಿನ ಕಾರ್ಖಾನೆಯಿತ್ತು. ಏಡನ್‌ನ ಯೂಸುಫ್ ಎಂಬ ವರ್ತಕ ಒಡೆದ ತಾಮ್ರದ ಪಾತ್ರೆಗಳನ್ನು ಕಳಿಸಿ, ಉಳಿದ ಲೋಹದಲ್ಲಿ ಒಂದು ದೀಪ ಮಾಡಿಸಿಕೊಡಲು ಬರೆದ. ಕಂಬ ದಪ್ಪಗಿರಬೇಕು, ಅದಕ್ಕೆ ಎಂಟು ಮುಖವಿರಬೇಕು, ಕಾಲುಗಳು ಗಟ್ಟಿಯಾಗಿರಬೇಕು, ತಲೆಯಲ್ಲಿ ಎರಡು ಬತ್ತಿಗೆ ಜಾಗವಿರಬೇಕು. ಇಷ್ಟು ಖಚಿತವಾದ ಬೇಡಿಕೆ! ಕಡಲಾಚೆಯ ಮನೆಯೊಂದರ ಅಭಿರುಚಿಗೆ ಇಲ್ಲಿನ ಕೈಗಳು ಎರಕ ಹೊಯ್ಯಬೇಕಿತ್ತು. ಹಾಗೆ ಹೊಯ್ಯುವಾಗ ಆ ಮನೆಯ ರೀತಿನೀತಿ ಒಂದಿಷ್ಟು ಈ ಕುಲುಮೆಗೆ ಬರುತ್ತದೆ, ಈ ಕುಲುಮೆಯ ಕಸುಬು ಆ ಮನೆಯೊಳಗೆ ಹೋಗಿ ಕೂರುತ್ತದೆ. ಸಂಸ್ಕೃತಿಗಳ ಕೊಡುಕೊಳ್ಳುವಿಕೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಅಪರೂಪ.

ಸರಕಿನೊಂದಿಗೆ ಮನುಷ್ಯರ ಬದುಕೂ ಬೆರೆಯಿತು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ. ಯೆಹೂದಿ ಧರ್ಮ ಸೇರಿದ ಆಕೆಗೆ ಬೆರಾಖಾ ಎಂದು ಹೆಸರಾಯಿತು. ಅವನ ಮಕ್ಕಳ ತಾಯಿ ಆಕೆಯೇ ಎಂಬುದು ವಿದ್ವಾಂಸರ ಅಭಿಪ್ರಾಯ. ಮಗಳು ಸಿತ್ ಅಲ್-ದಾರ್‌ಳ ಮದುವೆ 1156ರಲ್ಲಿ ಫುಸ್ತಾತ್‌ನಲ್ಲಿ ನಡೆಯಿತು. ಬೆನ್ ಯಿಜುವಿನ ಸೇವಕನೊಬ್ಬ ಸರಕಿನ ಜೊತೆ ಏಡನ್‌ಗೆ ಹೋಗಿಬರುತ್ತಿದ್ದ. ಪತ್ರಗಳಲ್ಲಿ ಬರುವ ಅವನ ಹೆಸರನ್ನು ಲೇಖಕ ಅಮಿತಾವ್ ಘೋಷ್ 'ಬೊಮ್ಮ' ಎಂದು ಗುರುತಿಸಿದ್ದಾರೆ. ಏಡನ್‌ನ ಶ್ರೀಮಂತರು ತಮ್ಮ ಪತ್ರಗಳಲ್ಲಿ ಬೊಮ್ಮನಿಗೂ ಶುಭ ಕೋರುತ್ತಿದ್ದರು. ದಾಸನಾದವನಿಗೆ ಅಂಥ ಗೌರವ ದಕ್ಕಿದ್ದು ಸಣ್ಣ ಸಂಗತಿಯಲ್ಲ.

ಇಂಥ ಬೆರಕೆಯಲ್ಲಿ ಜಗಳಗಳೂ ಇದ್ದವು. ಇನ್ನೂರು ವರ್ಷಗಳ ಬಳಿಕ, 1342ರ ಸುಮಾರಿಗೆ, ಮೊರಾಕೊದ ಯಾತ್ರಿಕ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಅಲ್ಲಿ ಸುಮಾರು 4,000 ಮುಸ್ಲಿಮರಿದ್ದರು, ಪರ್ಷಿಯಾ ಮತ್ತು ಯೆಮನ್‌ನ ವರ್ತಕರು ಬಂದು ಇಳಿಯುತ್ತಿದ್ದರು. ಊರವರಿಗೂ ಮುಸ್ಲಿಮರಿಗೂ ಆಗಾಗ ಕಾದಾಟವಾಗುತ್ತಿತ್ತು, ಆದರೆ ವರ್ತಕರು ಬೇಕಾಗಿದ್ದ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ ಎಂದು ಇಬ್ನ್ ಬತೂತ ಬರೆದಿದ್ದಾನೆ.