ಅಜ್ಜಿಯ ಗಂಟಿನಲ್ಲಿ ಇಬ್ಬರು ದೊರೆಗಳ ರೂಪಾಯಿ

ಮಾನ್ವಿಯಲ್ಲಿ ನಮ್ಮಜ್ಜಿ ಹತ್ರ ಒಂದು ಬಟ್ಟೆ ಗಂಟಿತ್ತು. ಅದರಾಗ ಎರಡು ತರದ ಬೆಳ್ಳಿ ರೂಪಾಯಿ. ಚಾರ್‌ಮಿನಾರ್ ಇರೋದು ನಿಜಾಮರ ಹಾಲಿ ಸಿಕ್ಕಾ. ರಾಜನ ಮುಖ ಇರೋದು ಬ್ರಿಟಿಷರ ಕಲದಾರ್. "ಎರಡೂ ರೂಪಾಯಿನೇ ಅಲ್ಲೇನಬೇ?" ಅಂದ್ರೆ ಅಜ್ಜಿ ನಗ್ತಿದ್ದಳು: "ಏಳು ಹಾಲಿ ಕೊಟ್ರ ಆರು ಕಲದಾರ್ ಬರ್ತಿತ್ತು, ತಮ್ಮಾ."

ಒಂದೇ ನೆಲದ ಮೇಲೆ ಇಬ್ಬರು ಹಕ್ಕು ಹೇಳಿದರೆ ನಾಣ್ಯದ ಗತಿ ಏನು? ಬಾಲ್ಟಿಕ್ ಕಡಲ ದಂಡೆಯ ರೀಗಾ ಪಟ್ಟಣಕ್ಕಾಗಿ ಅಲ್ಲಿನ ಆರ್ಚ್‌ಬಿಷಪ್ ಮತ್ತು ಲಿವೋನಿಯನ್ ಆರ್ಡರ್ ಅನ್ನೋ ಯೋಧ ಸನ್ಯಾಸಿಗಳ ಪಡೆ ಬಹಳ ಕಾಲ ಕಿತ್ತಾಡಿದವು. 1452ರಲ್ಲಿ ಊರಿನ ಒಡೆತನ ಹಂಚಿಕೊಂಡರು. ಮುಂದೆ ಇಬ್ಬರ ಗುರುತೂ ಒಂದೇ ನಾಣ್ಯದ ಮೇಲೆ ಬಂತು.

ನಮ್ಮ ಕಡೆಯೂ ಒಂದೇ ನಾಣ್ಯದಲ್ಲಿ ಇಬ್ಬರಿದ್ದರು. 1857ರ ದಂಗೆಯ ತನಕ ನಿಜಾಮರ ರೂಪಾಯಿ ಮೇಲೆ ದಿಲ್ಲಿ ಬಾದಶಹನ ಹೆಸರಿತ್ತು. ನಿಜಾಮರದು ಒಂದು ಅಕ್ಷರದ ಗುರುತಷ್ಟೇ. ದಂಗೆಯ ನಂತರ ಬಾದಶಹನ ಹೆಸರು ಹೋಯಿತು. ಆದರೆ ಇಂಗ್ಲೆಂಡ್ ರಾಣಿಯ ಹೆಸರು ಬರಲಿಲ್ಲ, ಆಸಫ್ ಜಾ ಅಂತ ಬಂತು. ಬ್ರಿಟಿಷರ ರೂಪಾಯಿ ಬೇರೆಯಾಗಿಯೇ ಓಡಾಡಿತು.

ದೊರೆಗಳ ಮಾನ ಉಳೀತು. ವಟ್ಟ ಕೊಟ್ಟವರು ಯಾರು? ತುಂಗಭದ್ರೆಯ ಆಚೆ ಮದ್ರಾಸ್ ಪ್ರಾಂತ್ಯ, ಅಲ್ಲಿ ಕಲದಾರ್. ಈಚೆ ಕಂದಾಯ ಹಾಲಿಯಲ್ಲಿ. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲು ಹಳಿಗಳು ರಾಯಚೂರಿನಲ್ಲೇ ಕೂಡಿದವು. ವ್ಯಾಪಾರ ಬೆಳೆದಂಗ ಎರಡೂ ರೂಪಾಯಿ ಒಂದೇ ಪೇಟೆಗೆ ಬಂದವು. ಆದೋನಿಯಲ್ಲಿ ಹತ್ತಿ ಮಾರಿ ಕಲದಾರ್ ತಂದ ದೇವದುರ್ಗದ ರೈತ ಅದನ್ನು ಹಾಲಿ ಮಾಡಿಸಿಯೇ ಕಂದಾಯ ಕಟ್ಟಬೇಕು. ದರ ಗೊತ್ತಿಲ್ಲದವನಿಗೆ ಪ್ರತಿ ಸಲ ಲುಕ್ಸಾನು.

ಆ ದರಕ್ಕೂ ಕಾರಣ ಇತ್ತು. ಹಾಲಿಯಲ್ಲಿ ಶುದ್ಧ ಬೆಳ್ಳಿ ಸುಮಾರು 9.1 ಗ್ರಾಂ, ಕಲದಾರಿನಲ್ಲಿ ಸುಮಾರು 10.7. ಭಾಗಿಸಿ ನೋಡ್ರಿ, ಅಜ್ಜಿಯ ಏಳಕ್ಕೆ ಆರು ಹೆಚ್ಚುಕಡಿಮೆ ಅದೇ.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ಹಾಲಿ ನಡೀತು. ಅಜ್ಜಿಯ ಗಂಟು ಮಾತ್ರ ಉಳೀಲಿಲ್ಲ. ಮನೆಯ ಒಂದು ಮದುವೆಗೆ ಕಾಲುಂಗುರ, ಚೈನು ಮಾಡಿಸಲು ಕರಗಿಸಿದೆವು. ಅಕ್ಕಸಾಲಿಗರು ಹಾಲಿಗೆ ಕಡಿಮೆ ಬೆಲೆ ಕಟ್ಟಿದರು. ಆಗ ಅಜ್ಜಿಯ ಮಾತು ನೆನಪಾಯಿತು, ಕೇಳೋಕೆ ಅಜ್ಜಿ ಇರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಗಂಟು ಇರಬಹುದು. ಕರಗಿಸೋ ಮೊದಲು ಫೋಟೊ ತಗೊಳ್ರಿ. ಹಿರಿಯರನ್ನ ಕೂರಿಸಿ ಕೇಳ್ರಿ: ಯಾವುದರಲ್ಲಿ ಕೂಲಿ ಬರ್ತಿತ್ತು, ಯಾವುದರಲ್ಲಿ ಸಾಲ ತೀರಿಸಿದಿರಿ, ವಟ್ಟ ಎಷ್ಟು ಹೋಯ್ತು? ಆ ಲೆಕ್ಕ ನಾಣ್ಯದ ಮೇಲೆ ಬರೆದಿಲ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.