ಟಾರ್ಚಿಗೂ ಬೇಕು ತೂಬು, ಕೋಡಿ

(ಹುಲಿಕೆರೆಯಲ್ಲಿ ಓದು ಬರಹ ಕಲಿಯುವವರ ಮುಂದೆ ಆಡಿದ ಮಾತು)



ಇವತ್ತು ನಾವು ಟಾರ್ಚಿನ ಬಗ್ಗೆ ಮಾತಾಡೋಣ. ನಮ್ಮ ಬಾಯಲ್ಲಿ ಅದು ಬ್ಯಾಟ್ರಿ. ಹಿಡಿ ತಿರುಗಿಸಿದರೆ ಉರಿಯುವ ಟಾರ್ಚನ್ನು ಸಂತೆಯಲ್ಲಿ, ಜಾತ್ರೆಯಲ್ಲಿ ನೀವು ನೋಡಿರ್ತೀರಿ. ಅದಕ್ಕೆ ಶೆಲ್ಲು ಕೊಳ್ಳಬೇಕಿಲ್ಲ. ಕರೆಂಟೂ ಬೇಡ. ಕೈ ಇದ್ದರೆ ಸಾಕು.

ಆದರೆ ಅದಕ್ಕೊಂದು ತೊಂದರೆ ಇದೆ. ಕೈ ತಿರುಗುವ ತನಕ ಚೆನ್ನಾಗಿ ಉರಿಯುತ್ತೆ. ಕೈ ನಿಂತರೆ ಬೇಗ ಮಂಕಾಗುತ್ತೆ.

ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಮೋಟರು ಹಾಕಲು ತೋಟಕ್ಕೆ ಹೋಗಬೇಕು. ಬದುವಿನ ಮೇಲೆ ಕೊಳಕುಮಂಡಲ ಮಲಗಿರಬಹುದು. ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದು ಕೈಯಲ್ಲಿ ಟಾರ್ಚು. ಹಿಡಿ ತಿರುಗಿಸೋಕೆ ಮೂರನೇ ಕೈ ಎಲ್ಲಿಂದ ತರೋಣ? ಮನೆಯಲ್ಲೇ ತಿರುಗಿಸಿ, ಬೆಳಕನ್ನು ಕೂಡಿಟ್ಟುಕೊಂಡು ಹೋಗಬೇಕು. ಅದು ಆಗುವ ಕೆಲಸವೇ. ಹೇಗೆ ಅಂತ ನೋಡೋಣ.

ಟಾರ್ಚಿನ ಒಳಗೆ ಒಂದು ಅಯಸ್ಕಾಂತ ಇದೆ. ತಾಮ್ರದ ತಂತಿಯ ಸುರುಳಿಯೂ ಇದೆ. ಸುರುಳಿಯ ಹತ್ತಿರ ಅಯಸ್ಕಾಂತ ತಿರುಗಿದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತೆ. ಇದೇ ಡೈನಮೋ. ಇದರ ಗುಟ್ಟನ್ನು 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟರು. ಅವರು ಕಮ್ಮಾರನ ಮಗ. ಹೆಚ್ಚು ಶಾಲೆ ಕಲಿತವರಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಕಲಿತರು. ನಮ್ಮ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿದ್ದೂ ಇದೇ ಗುಟ್ಟಿನಿಂದ. ಅಲ್ಲಿ ಕಾವೇರಿಯ ನೀರು ತಿರುಗಿಸಿತು. ಇಲ್ಲಿ ನಮ್ಮ ಕೈ ತಿರುಗಿಸುತ್ತೆ.

ಕರೆಂಟು ಹುಟ್ಟಿದರೆ ಸಾಲದು. ಅದನ್ನು ನಿಲ್ಲಿಸಬೇಕು. ನಿಮ್ಮೂರಲ್ಲಿ ಹೊಯ್ಸಳರ ಕಾಲದ ಕೊಳ ಇದೆ. ಮೆಟ್ಟಿಲು ಕಟ್ಟಿ, ಸುತ್ತ ಸಣ್ಣ ಸಣ್ಣ ಗುಡಿ ಮಾಡಿ, ಆ ಹಿರಿಯರು ನೀರು ನಿಲ್ಲಿಸಿದರು. ಟಾರ್ಚಿನ ಒಳಗೂ ಅಂಥದೊಂದು ಪುಟ್ಟ ಕೆರೆ ಕಟ್ಟೋಣ.

ಮೊದಲು ಹಳೆಯದನ್ನು ತೆಗೆಯಬೇಕು. ಅಗ್ಗದ ಟಾರ್ಚಿನಲ್ಲಿ ಹಲವು ಸಲ ಗುಂಡಿಯಂಥ ಶೆಲ್ಲು ಇರುತ್ತೆ. ಕೆಲವದರಲ್ಲಿ ಅದು ಚಾರ್ಜ್ ಆಗುವ ಶೆಲ್ಲೇ ಅಲ್ಲ. ಎಷ್ಟು ತಿರುಗಿಸಿದರೂ ತುಂಬಲ್ಲ. ತೆಗೆದ ಗುಂಡಿ ಶೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಮಗು ನುಂಗಿದರೆ ಗಂಟಲು ಸುಟ್ಟು ಪ್ರಾಣಕ್ಕೇ ಕುತ್ತು.

ಇನ್ನು ಹೊಸ ಸಾಮಾನು.

ಒಂದು, ಡಯೋಡ್. ಬೋರಿನ ಪೈಪಿಗೆ ಫುಟ್‌ವಾಲ್ವ್ ಯಾಕೆ ಹಾಕ್ತೀವಿ? ಮೇಲೆ ಬಂದ ನೀರು ವಾಪಸು ಇಳಿಯಬಾರದು ಅಂತ. ಡಯೋಡ್ ಕೂಡ ಹಾಗೇ. ಡೈನಮೋದ ಕರೆಂಟು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತೆ. ನಾಲ್ಕು ಡಯೋಡ್ ಸೇರಿ ಅದನ್ನು ಒಂದೇ ದಾರಿಗೆ ತರುತ್ತವೆ. ಸಾಮಾನ್ಯ ಡಯೋಡ್ ಒಂದೊಂದೂ ಸುಮಾರು 0.7 ವೋಲ್ಟು ನುಂಗುತ್ತೆ. ಶಾಟ್ಕಿ ಡಯೋಡ್ ಅದರ ಅರ್ಧದಷ್ಟು ನುಂಗುತ್ತೆ. ಅದನ್ನೇ ಹಾಕಿಸಿ.

ಎರಡು, ಸೂಪರ್ ಕೆಪಾಸಿಟರ್. ಇದೇ ನಮ್ಮ ಕೆರೆ. ಮೋಟರಿನ ಡಬ್ಬಿಯಲ್ಲಿರುವ ಕಂಡೆನ್ಸರ್ ಗೊತ್ತಲ್ವಾ? ಇದು ಅದರ ದಾಯಾದಿ. 5.5 ವೋಲ್ಟು, 5 ಫ್ಯಾರಡ್ ಇರುವುದು ಸಾಕು. ಫ್ಯಾರಡ್ ಅಂದರೆ ಕೆರೆಯ ಅಳತೆ. ಆ ಫ್ಯಾರಡೆಯವರ ಹೆಸರೇ ಅದಕ್ಕೆ ಇಟ್ಟಿದ್ದಾರೆ.

ಮೂರು, 5.1 ವೋಲ್ಟಿನ ಜೀನರ್ ಡಯೋಡ್. ಇದು ಕೋಡಿ. ಜೋರಾಗಿ ತಿರುಗಿಸಿದರೆ ಕರೆಂಟಿನ ಒತ್ತಡ ಏರುತ್ತೆ. ಕೋಡಿ ಇಲ್ಲದ ಕೆರೆಯ ಏರಿ ಒಡೆಯುವಂತೆ ಕೆಪಾಸಿಟರ್ ಹಾಳಾಗುತ್ತೆ. ಜೀನರ್ ಹೆಚ್ಚಾದದ್ದನ್ನು ಆಚೆ ಹರಿಸುತ್ತೆ.

ನಾಲ್ಕು, 100 ಓಮ್ ರೆಸಿಸ್ಟರ್. ಇದು ತೂಬು. ಎಲ್‌ಇಡಿ ದೀಪಕ್ಕೆ ಬೇಕಾದಷ್ಟೇ ಬಿಡುತ್ತೆ.

ಇವನ್ನು ಸರಿಯಾಗಿ ಜೋಡಿಸಿ, ಎರಡು ಮೂರು ನಿಮಿಷ ತಿರುಗಿಸಿ. ಡೈನಮೋ ಚೆನ್ನಾಗಿದ್ದರೆ ಒಂದು ಎಲ್‌ಇಡಿ ಸುಮಾರು ಹತ್ತು ನಿಮಿಷ ಉರಿಯುತ್ತೆ. ಮೊದಲು ಪ್ರಖರ, ಆಮೇಲೆ ನಿಧಾನವಾಗಿ ಮಂಕು. ಮನೆಯಿಂದ ಮೋಟರಿನ ತನಕ ಹೋಗಲು ಅಷ್ಟು ಸಾಕಲ್ವಾ?

ಬೆಳಕು ಇನ್ನೂ ಹೆಚ್ಚು ಬೇಕು ಅಂತೀರಾ? ತೂಬು ಅಗಲ ಮಾಡಿದರೆ ಬೆಳಕು ಹೆಚ್ಚುತ್ತೆ. ಆದರೆ ಕೆರೆ ಬೇಗ ಬತ್ತುತ್ತೆ. ಕೈ ದುಡಿದದ್ದು ಇಷ್ಟೇ, ಅದರಲ್ಲೇ ಖರ್ಚು ತೂಗಿಸಬೇಕು. ಆದ್ದರಿಂದ ಸೋರಿಕೆ ತಡೆಯೋದೇ ಜಾಣತನ. ಹಳೇ ಬುರುಡೆ ಬಲ್ಬು ಇದ್ದರೆ ತೆಗೆದುಬಿಡಿ. ಅದು ಬಹುಪಾಲು ಕರೆಂಟನ್ನು ಬಿಸಿ ಮಾಡಿ ಕಳೆಯುತ್ತೆ. ಮೂರು ಮಂಕು ಎಲ್‌ಇಡಿಗಿಂತ ಒಂದು ಒಳ್ಳೇ ಎಲ್‌ಇಡಿ ಮೇಲು. ಅದರ ಮುಂದೆ ಮಸೂರ, ಹಿಂದೆ ಹೊಳೆಯುವ ಬಟ್ಟಲು ಇರಲಿ. ಚೆದುರುವ ಬೆಳಕು ಆಗ ದಾರಿಯ ಮೇಲೆ ಬೀಳುತ್ತೆ.

ಒಂದು ಮಾತು ನೆನಪಿಡಿ. ಸೂಪರ್ ಕೆಪಾಸಿಟರ್ ಬೇಗ ತುಂಬುತ್ತೆ, ಸುಮ್ಮನಿದ್ದರೂ ಮೆಲ್ಲಗೆ ಸೋರುತ್ತೆ. ಹೊರಡುವ ಮುಂಚೆಯೇ ತಿರುಗಿಸಿ. ಅದಕ್ಕೆ ಕೂಡು, ಕಳೆ ಎಂಬ ಎರಡು ಕಾಲು ಇವೆ. ಅದಲು ಬದಲಾದರೆ ಕೆಡುತ್ತೆ. ಫೋನಿನ ಲಿಥಿಯಂ ಬ್ಯಾಟರಿಯನ್ನು ಮಾತ್ರ ಇದಕ್ಕೆ ಜೋಡಿಸಬೇಡಿ. ಅದು ಬೆಂಕಿ ಹತ್ತಬಹುದು. ಬೆಸುಗೆ ಕೆಲಸವನ್ನು ರೇಡಿಯೋ ರಿಪೇರಿಯವರ ಹತ್ತಿರ ಮಾಡಿಸಿ.

ಟಾರ್ಚು ಇದೆ ಅಂತ ಬರಿಗಾಲಲ್ಲಿ ಹೋಗಬೇಡಿ. ಬೂಟು ಹಾಕಿ. ಅಕಸ್ಮಾತ್ ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ. 2024ರಲ್ಲಿ ಕರ್ನಾಟಕ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಅಂತ ಹೇಳಿತು. ರೈತನ ಜೀವ ಅಷ್ಟು ದೊಡ್ಡದು.

ಈಗ ನಿಮ್ಮ ಸ್ಲೇಟು, ಪುಸ್ತಕ ತೆಗೆಯಿರಿ. ನಾಲ್ಕು ಸಾಮಾನಿನ ಹೆಸರನ್ನು, ಅವುಗಳ ಅಂಕಿಯನ್ನು ನೀವೇ ಬರೆದುಕೊಳ್ಳಿ. ಅರಸೀಕೆರೆಗೋ ಬೇಲೂರಿಗೋ ಹೋದಾಗ ಆ ಚೀಟಿಯನ್ನು ಅಂಗಡಿಯವರ ಮುಂದಿಡಿ. ಅವರು ಕೊಟ್ಟ ಸೂಪರ್ ಕೆಪಾಸಿಟರಿನ ಮೈಮೇಲೆ ಸಣ್ಣದಾಗಿ ಅಂಕಿ ಇರುತ್ತೆ. ಅದನ್ನು ನೀವೇ ಓದಿ, ಸರಿ ಇದ್ದರೆ ಮಾತ್ರ ದುಡ್ಡು ಕೊಡಿ.