ಹುಣಸೆಯ ಬೀಜ, ಕರಿಯ ಕಂಬಳಿ

ಹುಣಸೆಯ ಸುಗ್ಗಿ ನಡೆದಿದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಊರೂರ ಜಗುಲಿಗಳಲ್ಲಿ ಹೆಣ್ಣುಮಕ್ಕಳು ಹಣ್ಣು ಕುಟ್ಟಿ, ನಾರು ತೆಗೆದು, ಬೀಜ ಬಿಡಿಸುತ್ತ ಕುಳಿತಿದ್ದಾರೆ. ಈ ವಾರ ಅಂಥದೊಂದು ಜಗುಲಿಯ ಮಗ್ಗುಲಲ್ಲಿ ಹಾದುಹೋಗುತ್ತಿದ್ದಾಗ, ಮೂಲೆಗೆ ಸರಿಸಿದ್ದ ಬೀಜದ ರಾಶಿಯನ್ನು ಕಂಡು, “ಇದನ್ನೇನು ಮಾಡುತ್ತೀರಮ್ಮ?” ಎಂದು ಕೇಳಿದೆ. “ಮಾರ್ತೀವಿ ಸ್ವಾಮಿ. ಮೊದ್ಲೆಲ್ಲ ಕಂಬ್ಳಿ ನೇಯೋರೇ ಬಂದು ತಗೊಂಡ್ ಹೋಗೋರು” ಎಂದು ಹಿರಿಯಾಕೆಯೊಬ್ಬರು ಕೆಲಸ ನಿಲ್ಲಿಸದೆಯೇ ಉತ್ತರಿಸಿದರು.

ಆ ಮಾತು ನನ್ನೊಡನೆಯೇ ಮನೆಗೆ ಬಂದಿತು. ಕಂಬಳಿಗೆ ಬಳಸುವ ನಮ್ಮ ಸೀಮೆಯ ಕರಿಕುರಿಯ ಉಣ್ಣೆ ಒರಟು. ಅದರ ಎಳೆ ಗಿಡ್ಡ. ರಾಟೆಯಲ್ಲಿ ನೂತ ಆ ನೂಲನ್ನು ಹಾಗೆಯೇ ಮಗ್ಗಕ್ಕೇರಿಸಿದರೆ, ಎಳೆಗಳು ಒಂದನ್ನೊಂದು ಉಜ್ಜಿ, ತೊಡರಿ, ತುಂಡಾಗುತ್ತವೆ. ಆದುದರಿಂದ ನೇಕಾರನಾದವನು ಹುಣಸೆಬೀಜವನ್ನು ನೆನೆಯಿಟ್ಟು, ಅರೆದು, ಕುದಿಸಿ, ಅಂಟಾದ ಸರಿಯನ್ನು ಮಾಡಿಕೊಂಡು, ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಹಾಸುನೂಲಿಗೆ ಅದನ್ನು ಕುಂಚದಿಂದ ಸವರಿ, ನಮ್ಮಲ್ಲಿ ಎಂದೂ ಬರವಿಲ್ಲದ ಬಿಸಿಲಿನಲ್ಲಿ ಒಣಗಿಸಿ, ಅನಂತರವೇ ಮಗ್ಗದ ಮುಂದೆ ಕೂರುತ್ತಾನೆ. 1942ರಲ್ಲಿ ಘೋಷ್ ಮತ್ತು ಕೃಷ್ಣ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು ಈ ಬೀಜದ ತಿರುಳಿನಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಅಂಟಿನ ದ್ರವ್ಯವಿರುವುದನ್ನು ಪ್ರಕಟಿಸಿದರು. ಬಟ್ಟೆಯ ಗಿರಣಿಗಳೂ ಸೆಣಬಿನ ಗಿರಣಿಗಳೂ ಮುಂದೆ ಅದರ ಪುಡಿಯನ್ನು ಗಂಜಿಗೆ ಬಳಸಿದುವು. ಮರವು ತನ್ನ ಸಸಿಯ ಮೊದಲ ದಿನಗಳಿಗೆಂದು ಬೀಜದೊಳಗೆ ಕೂಡಿಟ್ಟ ಬುತ್ತಿಯೇ ಆ ದ್ರವ್ಯ. ಮೊಳಕೆಗೆಂದಿದ್ದ ಸತ್ತ್ವವು ನೂಲಿಗೂ ಒದಗೀತೆಂದು ಮೊಟ್ಟಮೊದಲು ಊಹಿಸಿದವರು ಯಾರೇ ಆಗಿರಲಿ, ಅವರನ್ನು ಪ್ರತಿಭಾವಂತರೆಂದು ಕರೆಯಲು ನನಗೆ ಸಂಕೋಚವಿಲ್ಲ.

ಕಂಬಳಿಯಾದರೋ ಈ ನೆಲದ ಹಲವು ಸಂಬಂಧಗಳು ಕೂಡಿ ಆದ ವಸ್ತು. ಅದರ ಬಣ್ಣ ಕುರಿಯ ಮೈಬಣ್ಣವೇ. ಕೊಯ್ಲಾದ ಹೊಲದ ಕೂಳೆಯನ್ನು ಮೇಯ್ದ ಕುರಿ, ಇರುಳು ಅದೇ ಹೊಲದಲ್ಲಿ ಮಂದೆಯಾಗಿ ನಿಂತು ಗೊಬ್ಬರವನ್ನು ಕೊಡುತ್ತದೆ. ಹೊಲದೊಡೆಯನು ಕುರಿಗಾಹಿಗೆ ದವಸವನ್ನೋ ಹಣವನ್ನೋ ಕೊಡುತ್ತಾನೆ. ವರ್ಷಕ್ಕೆರಡು ಬಾರಿ ಕತ್ತರಿಸಿದ ಉಣ್ಣೆಯು ನೂಲಾಗಿ, ನೆಯ್ಗೆಯಾಗಿ, ಜಡಿಮಳೆಯಲ್ಲಿ ಅದೇ ರೈತನ ತಲೆಯ ಮೇಲೆ ಕೊಪ್ಪೆಯಾಗಿ, ಮನೆಯ ಶುಭಕಾರ್ಯದಲ್ಲಿ ಗದ್ದುಗೆಯ ಹಾಸಾಗಿ ಬಂದು ಸೇರುತ್ತದೆ. ಇದರಲ್ಲಿ ಯಾವುದನ್ನೂ ದೂರದಿಂದ ತರಿಸಬೇಕಾಗಿರಲಿಲ್ಲ. ಬಳಸಿ ಹರಿದ ಮೇಲೆ ಮಣ್ಣಿಗೆ ಭಾರವಾಗುವಂಥದೂ ಏನೂ ಉಳಿಯುತ್ತಿರಲಿಲ್ಲ.

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಇದೇ ಹುಣಸೆಯ ಮರಗಳ ಮೇಲೆ 1990ರ ದಶಕದಿಂದೀಚೆಗೆ ಬಣ್ಣದ ಕೊಕ್ಕರೆಗಳು ಮನೆಗಳ ನಡುವೆಯೇ ಗೂಡು ಕಟ್ಟಿ ಮರಿಮಾಡುತ್ತಿವೆ. ಹಕ್ಕಿಗಳು ಬರುವ ಕಾಲವೂ ಹಣ್ಣು ಬಡಿಯುವ ಕಾಲವೂ ಒಂದರೊಡನೊಂದು ಕೂಡಿಕೊಳ್ಳುತ್ತವೆ. ಆ ಊರಿನವರು ಗೂಡಿರುವ ಮರಗಳ ಹಣ್ಣನ್ನು ಮರಕ್ಕೇ ಬಿಟ್ಟುಕೊಟ್ಟಿದ್ದಾರೆ. ಬೀಜದಿಂದ ಸರಿ ಕಾಯಿಸುವುದೂ, ಹಣ್ಣನ್ನು ಹಕ್ಕಿಗಾಗಿ ಬಿಡುವುದೂ ನನಗೆ ತೀರ ದೂರದ ಕೆಲಸಗಳಾಗಿ ತೋರುವುದಿಲ್ಲ. ಎರಡಕ್ಕೂ ಮರವನ್ನು ನಿಂತು ನೋಡುವ ವ್ಯವಧಾನ ಬೇಕು.

ಪ್ರಕೃತಿಗೆ ಮರಳಬೇಕೆಂಬ ಮಾತನ್ನು ನಾವು ಈಚೆಗೆ ಬಹಳವಾಗಿ ಆಡುತ್ತೇವೆ. ಆ ಮಾತು ಸತ್ಯವಾದುದೇ. ಆದರೆ ಮರಳುವ ದಾರಿ ಕೈಯ ಕೆಲಸದ ಮೂಲಕವೇ ಹೆಚ್ಚು ಸುಗಮವೆಂದು ನನಗೆ ತೋರುತ್ತದೆ. ನೋಡಿ ಸಂತೋಷಪಟ್ಟ ಮರವನ್ನು ಮರೆತೇವು. ಯಾವುದರಿಂದ ಒಂದು ವಸ್ತುವನ್ನು ಮಾಡಲು ಕಲಿತೆವೋ ಆ ಮರವನ್ನು ಮರೆಯುವುದು ಕಷ್ಟ. ಆದರೆ ಕಂಬಳಿಯ ಕಸುಬೇ ಈಗ ಸೊರಗುತ್ತಿದೆ. ಇಂದು ಉಣ್ಣೆ ಮಾರಿದ ಹಣ ಅನೇಕ ಕಡೆ ಕತ್ತರಿಸಿದ ಕೂಲಿಗೂ ಸಾಲದಾಗಿದೆ. ಮಾಂಸಕ್ಕೆಂದೇ ಸಾಕುವ, ಉಣ್ಣೆಯಿಲ್ಲದ ತಳಿಗಳು ಕರಿಕುರಿಯ ಸ್ಥಾನಕ್ಕೆ ಬರುತ್ತಿವೆ. ಇಂಥ ಹೊತ್ತಿನಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಶಾಲೆಗಳು, ನೇಯ್ಗೆ ಬಲ್ಲ ಹಿರಿಯರೊಬ್ಬರನ್ನು ಗೌರವದಿಂದ ಕರೆಸಿ, ಮಕ್ಕಳ ಕೈಯಿಂದ ಒಂದು ಸೇರು ಬೀಜದ ಸರಿ ಕಾಯಿಸಿ, ಒಂದು ಮೊಳ ನೇಯಿಸಿದರೆ ಎಷ್ಟು ಚೆನ್ನಾಗಿದ್ದೀತು! ಕಸುಬು ಅಷ್ಟರಿಂದಲೇ ಉಳಿಯದು, ನಿಜ. ಆದರೆ ನಾಳೆ ರಸ್ತೆಯನ್ನು ಅಗಲಿಸುವುದಕ್ಕಾಗಿ ಸಾಲುಹುಣಸೆಯನ್ನು ಕಡಿಯುವ ಪ್ರಸ್ತಾಪ ಊರಿನ ಮುಂದೆ ಬಂದಾಗ, ಬೇಡವೆನ್ನುವುದಕ್ಕೆ ಆ ಮಕ್ಕಳಲ್ಲಿ ಒಬ್ಬಿಬ್ಬರಿಗಾದರೂ ನಮಗಿಂತ ಒಂದು ಕಾರಣ ಹೆಚ್ಚಾಗಿ ಗೊತ್ತಿರುತ್ತದೆ.